ಬೀದಿ ಹಂಚಿಕೊಂಡವರು

ಮೋಟೆಲಿನ ಒಂದೇ ಕೋಣೆಯಲ್ಲಿ ಆರು ಜನ. ಅಡುಗೆಗೆ ಇದ್ದದ್ದು ಒಂದು ಮೈಕ್ರೋವೇವ್ ಪೆಟ್ಟಿಗೆ. ಅದರೊಳಗೆ ಟಾರೋ ಗೆಡ್ಡೆ ಇಟ್ಟರೆ ಮೇಲೆ ಸುಟ್ಟು ಕರಕಲಾಗುತ್ತಿತ್ತು, ಒಳಗೆ ಹಸಿಯಾಗಿಯೇ ಇರುತ್ತಿತ್ತು. ಲೆಸಿಯೇಲಿ ಒಂದು ಸಂಜೆ ತಡೆಯಲಾರದೆ ಬಚ್ಚಲಲ್ಲಿ ಕರೆಂಟಿನ ಒಲೆ ಹಚ್ಚಿ ಪಾತ್ರೆ ಏರಿಸಿದಳು. ಹಬೆ ಎದ್ದದ್ದೇ ತಡ, ಸೂರಿನಲ್ಲಿದ್ದ ಹೊಗೆ ಗಂಟೆ ಊರಿಗೆಲ್ಲ ಕೇಳುವ ಹಾಗೆ ಕಿರುಚಿಕೊಂಡಿತು. ಮೋಟೆಲ್ ನಡೆಸುವವನು ಓಡಿ ಬಂದ.

"ಸರ್ಕಾರ ನನಗೆ ದುಡ್ಡು ಕೊಡ್ತಾ ಇರೋದು ನೀವು ಮಲಗೋದಕ್ಕೆ ಕಣಮ್ಮ, ಬೇಯಿಸೋದಕ್ಕಲ್ಲ. ಇನ್ನೊಂದ್ಸಲ ಗಂಟೆ ಹೊಡೀತೋ, ಮೂಟೆ ಕಟ್ಟಿ."

"ಬೇಯಿಸದೆ ಮಕ್ಳಿಗೆ ಏನ್ ತಿನ್ನಿಸ್ಲಿ?"

"ಅದು ನನ್ನ ಕೆಲಸ ಅಲ್ಲ."

ಯಾರನ್ನು ಕೇಳಿದರೂ ಇದೇ ಉತ್ತರ. ಮೋಟೆಲಿನವನಿಗೆ ಅದು ತನ್ನ ಕೆಲಸವಲ್ಲ. ಸರ್ಕಾರಕ್ಕೂ ಅಲ್ಲ, ಯಾಕೆಂದರೆ ಅದು ಇವರಿದ್ದ ಬೀದಿಯನ್ನು ಮನೆ ಕಟ್ಟುವ ಕಂಪನಿಗೆ ವಹಿಸಿ ಕೈ ತೊಳೆದುಕೊಂಡಿದೆ. ಕಂಪನಿಯವರನ್ನು ಕೇಳಿದರೆ, "ನೋಡ್ತಾ ಇದೀವಿ." ನೋಡಿ ನೋಡಿ ಅವರ ಕಣ್ಣು ನೋಯುವುದಿಲ್ಲ, ಅಷ್ಟೇ.

ಲೆಸಿಯೇಲಿ ಟಾಂಗಾ ದ್ವೀಪದಿಂದ ಆಕ್ಲೆಂಡಿಗೆ ಬಂದಾಗ ಹದಿಹರೆಯದ ಸೊಸೆ. ಈಗ ಮಗಳು ವಿಕಾ, ಮೊಮ್ಮಕ್ಕಳು ಅವಳ ಜೊತೆಗಿದ್ದಾರೆ. ಊರಿನ ಆಸ್ಪತ್ರೆಗಳ ಹಾಸಿಗೆ ಬಟ್ಟೆಯೆಲ್ಲ ಬಂದು ಬೀಳುವ ಲಾಂಡ್ರಿಯಲ್ಲಿ ಇಂದಿಗೂ ದುಡಿಯುತ್ತಾಳೆ. ಟೋರಿಯಾ ಬೀದಿಯ ಸರ್ಕಾರಿ ಮನೆ ಅವಳಿಗೆ ಬಾಡಿಗೆಗೆ ಸಿಕ್ಕಿದ್ದು ಗಂಡ ಮನಾಸೆ ಹೆಂಚಿನ ಕಾರ್ಖಾನೆಗೆ ಸೇರಿದ ವರ್ಷ. ಮರದ ಮನೆ. ಹಿತ್ತಲಲ್ಲಿ ಗೆಡ್ಡೆ ನೆಡಲು ಜಾಗ, ಹಬ್ಬಕ್ಕೆ ನೆಲದಲ್ಲಿ ಗುಂಡಿ ತೋಡಿ ಕಲ್ಲು ಕಾಯಿಸಿ ಹಂದಿ ಬೇಯಿಸಲು ಜಾಗ, ಸತ್ತವರನ್ನು ಮಲಗಿಸಿ ರಾತ್ರಿಯೆಲ್ಲ ಹಾಡಲು ಒಂದು ದೊಡ್ಡ ಹಜಾರ. ಮನಾಸೆಯನ್ನು ಮಲಗಿಸಿದ್ದೂ ಆ ಹಜಾರದಲ್ಲೇ.

ಆ ಮನೆಯನ್ನು ಒಂದು ಬೆಳಿಗ್ಗೆ ನಡುವಿಗೆ ಗರಗಸ ಹಾಕಿ ಎರಡು ಹೋಳು ಮಾಡಿ ಲಾರಿಗಳ ಮೇಲೆ ಹೇರಿದರು. ಬೇರೆ ಊರಲ್ಲಿ ಮಾರುತ್ತಾರಂತೆ. ಅವಳ ಅಡುಗೆಮನೆಯ ಹಳದಿ ಗೋಡೆ ದಾರಿಯಲ್ಲಿ ಹೋಗುವವರಿಗೆಲ್ಲ ಕಾಣುತ್ತ ಹೋಯಿತು. ಮೈಮೇಲಿನ ಬಟ್ಟೆ ಸೆಳೆದ ಹಾಗಾಯಿತು ಅವಳಿಗೆ. "ಇಲ್ಲಿ ಹೊಸ ಮನೆ ಎದ್ದ ಕೂಡಲೇ ಮೊದಲು ಕರೆಯುವುದು ನಿಮ್ಮನ್ನೇ" ಎಂದು ಕಂಪನಿ ಹೇಳಿತ್ತು. ವರ್ಷ ಕಳೆಯಿತು. ಹೊಸ ಮನೆಗಳು ಎದ್ದವು, ಒಂದರ ತಲೆಯ ಮೇಲೆ ಒಂದು, ಐದಂತಸ್ತು. ಕರೆ ಮಾತ್ರ ಬರಲಿಲ್ಲ.

ಇದಕ್ಕೆಲ್ಲ ಮೊದಲು ಬೀದಿಯ ಜನ ಸುಮ್ಮನೆ ಕೂತಿರಲಿಲ್ಲ ಎಂಬುದನ್ನೂ ಹೇಳಬೇಕು.

ಬೀದಿಯ ಆ ತುದಿಯಲ್ಲಿ ಮೊದಲ ಮನೆಗಳನ್ನು ಕಿತ್ತ ಕೂಡಲೇ ಕಂಪನಿ ಸುತ್ತ ಪ್ಲೈವುಡ್ ಹಲಗೆಯ ಬೇಲಿ ನಿಲ್ಲಿಸಿತು, ಆಳೆತ್ತರಕ್ಕೂ ಮೀರಿ. ಒಳಗೇನು ನಡೆಯುತ್ತಿದೆ ಎಂದು ಕಾಣಬಾರದಲ್ಲ. ಹುಡುಗರು ಹಲಗೆಯ ಮೇಲೆ ಬೈಗುಳ ಬರೆದರು. ಕಂಪನಿ ಸುಣ್ಣ ಹೊಡೆಸಿತು. ಹುಡುಗರು ಮತ್ತೆ ಬರೆದರು. ಟೀವಿಯವರು ಬಂದು ಹೋದರು. ಲಾರಿಗೆ ಅಡ್ಡ ಕೂತ ಹೆಂಗಸರ ಮುಖ ಪತ್ರಿಕೆಯಲ್ಲಿ ಬಂತು. ಆಗ ಕಂಪನಿ ಒಬ್ಬ ಹೊಸ ನೌಕರನನ್ನು ಕಳಿಸಿತು. ಅವನ ಹೆಸರು ಫೆಲೆತಿ. ಲೆಸಿಯೇಲಿಯ ಸ್ವಂತ ತಮ್ಮನ ಮಗ.

ನಮ್ಮ ಟಾಂಗಾ ಜನರಲ್ಲಿ ಸೋದರತ್ತೆಯ ಮಾತೆಂದರೆ ಮಾತು. ಅವಳು ಕುರ್ಚಿಯಲ್ಲಿ ಕೂತರೆ ತಮ್ಮನ ಮಕ್ಕಳು ನೆಲದಲ್ಲಿ ಕೂರಬೇಕು. ಅವಳು ಬೇಡವೆಂದರೆ ಮದುವೆ ನಿಲ್ಲುತ್ತದೆ. ಅಷ್ಟು ಅಧಿಕಾರವಿರುವವಳಿಗೆ ಅದಕ್ಕೆ ತಕ್ಕ ಜವಾಬ್ದಾರಿಯೂ ಇರುತ್ತದೆ. ಮನೆಗೆ ಬಂದ ತಮ್ಮನ ಮಗನನ್ನು ಬರಿಗೈಯಲ್ಲಿ ಕಳಿಸಬಾರದು. ಈ ಲೆಕ್ಕ ಕಂಪನಿಗೆ ಯಾರು ಹೇಳಿಕೊಟ್ಟರೋ, ಚೆನ್ನಾಗಿಯೇ ಹೇಳಿಕೊಟ್ಟಿದ್ದರು.

ಫೆಲೆತಿ ಒಂದು ಹಂದಿಮರಿ, ಒಂದು ಮೂಟೆ ಗೆಣಸು ತಂದು ಅಂಗಳದಲ್ಲಿ ಇಳಿಸಿದ. ಒಳಗೆ ಬಂದು ಅತ್ತೆಯ ಕಾಲ ಬಳಿ ನೆಲದ ಮೇಲೆ ಕೂತ. ಎದೆಯ ಮೇಲೆ ಕಂಪನಿಯ ಹೆಸರಿದ್ದ ಜಾಕೆಟ್ಟು.

"ಅತ್ತೆ, ಹುಡುಗ್ರು ಬೇಲಿ ಮೇಲೆ ಹೊಲಸು ಹೊಲಸಾಗಿ ಬರೀತಾವ್ರೆ. ನಮ್ಮ ಜನಕ್ಕೆ ಶೋಭೆನಾ ಇದು?"

"ಮನೆ ಕಿತ್ಕೊಳ್ಳೋದು ಶೋಭೆನೇನೋ?"

"ಅದಲ್ಲ ಅತ್ತೆ. ಬೈದ್ರೆ ಯಾರು ಕೇಳ್ತಾರೆ ಹೇಳಿ? ಚಿತ್ರ ಬರೀರಿ. ನಮ್ಮ ತೊಗಟೆ ಬಟ್ಟೆ ಮೇಲೆ ಬರೀತೀವಲ್ಲ, ಆ ಚಿತ್ತಾರ. ಬಣ್ಣ ಎಲ್ಲ ಕಂಪನೀದು. ಇಡೀ ಆಕ್ಲೆಂಡೇ ಬಂದು ನೋಡ್ತದೆ. ಆಮೇಲೆ ನಿಮ್ಮನ್ನ ಇಲ್ಲಿಂದ ಎಬ್ಬಿಸೋಕೆ ಯಾರಿಗೆ ಧೈರ್ಯ ಬತ್ತದೆ?"

ಲೆಸಿಯೇಲಿಗೆ ಮಾತು ಹಿಡಿಸಿತು. ಪಕ್ಕದ ಮನೆಯ ಫುಸಿಗೆ ಹಿಡಿಸಲಿಲ್ಲ. ಫುಸಿ ಎಂದರೆ ಬಾಯಿ, ಬಾಯಿ ಎಂದರೆ ಫುಸಿ.

"ನಮ್ಮನ್ನ ಓಡಿಸೋನು ನಮ್ಗೆ ಬಣ್ಣ ಯಾಕೆ ಕೊಡ್ತಾನೆ ಕಣೇ? ಮೂಗಿಗೆ ತುಪ್ಪ ಸವರ್ತಾವ್ನೆ ನಿನ್ನ ಅಳಿಯ."

"ನಮ್ಮ ಹುಡುಗ ಕಣೇ ಅವ್ನು. ಅವನ ಕುಂಡಿ ತೊಳ್ದಿದೀನಿ ನಾನು."

"ಅದಕ್ಕೇ ಅವನನ್ನ ಕಳ್ಸಿರೋದು. ಕುಂಡಿ ತೊಳೀದೇ ಇರೋನನ್ನ ಕಳ್ಸಿದ್ರೆ ನೀನು ಪೊರಕೆ ತಗೋತಿದ್ದೆ."

ಬೈದಳು, ಆದರೆ ಕುಂಚ ಹಿಡಿದು ಮೊದಲು ಬಂದವಳೂ ಅವಳೇ.

ತೊಗಟೆ ಬಟ್ಟೆಯನ್ನು ಒಬ್ಬಳೇ ಕೂತು ಮಾಡಿದ್ದನ್ನು ನಮ್ಮಲ್ಲಿ ಯಾರೂ ಕಂಡಿಲ್ಲ. ಮರದ ತೊಗಟೆ ನೆನೆಹಾಕಿ, ಬಡಿದು ಹಿಗ್ಗಿಸಿ, ಅಂಟಿಸಿ, ಬೀದಿಯುದ್ದದ ಒಂದೇ ಬಟ್ಟೆ ಮಾಡುತ್ತಾರೆ. ಎರಡು ಬದಿಗೂ ಹೆಂಗಸರು ಸಾಲಾಗಿ ಕೂತು ಹಾಡುತ್ತ ಬಣ್ಣ ಹಚ್ಚುತ್ತಾರೆ. ಯಾರ ಗೆರೆ ಯಾರದು ಎಂದು ಕೇಳುವ ಹಾಗಿಲ್ಲ. ಪ್ಲೈವುಡ್ಡಿನ ಮೇಲೂ ಹಾಗೆಯೇ ಶುರುವಾಯಿತು. ಕಂದು, ಕಪ್ಪು, ಮತ್ತೆ ಕಂದು. ಅಂಚಿನ ಚಿತ್ತಾರ ಎಲ್ಲ ಹಲಗೆಗಳಿಗೂ ಒಂದೇ, ನಡುವಿನ ಜಾಗ ಮಾತ್ರ ಒಂದೊಂದು ಮನೆಗೆ ಒಂದೊಂದು. ಫುಸಿಯ ಹಲಗೆಯಲ್ಲಿ ಅವಳ ನಿಂಬೆ ಗಿಡ. ಸಮೋವಾದ ಮುದುಕನದರಲ್ಲಿ ಅವನ ತಂತಿ ಹರಿದ ಗಿಟಾರು. ಮೂಲೆಮನೆಯಲ್ಲಿದ್ದ, ಈ ನಾಡಿನ ಮೂಲಜನರಾದ ಮಾವೊರಿಗಳ ಹೆಂಗಸು ಹೂಹಾನಾ ತನ್ನ ಅಜ್ಜನ ದೋಣಿ ಬರೆದಳು.

"ಈ ಬೀದಿ ಮೊದ್ಲು ನಮ್ಮೋರ ಗೆಣಸಿನ ಹೊಲ ಕಣ್ರೇ," ಎಂದಳು ಹೂಹಾನಾ, ದೋಣಿಗೆ ಕಪ್ಪು ಬಳಿಯುತ್ತ. "ನಮ್ಮಿಂದ ಕಿತ್ಕೊಂಡು ನಿಮ್ಗೆ ಬಾಡಿಗೆಗೆ ಕೊಟ್ರು. ಈಗ ನಿಮ್ಮ ಕೈಯಿಂದಾನೂ ಕಿತ್ಕೋತಾವ್ರೆ. ನಂಗೇನು, ಎರಡನೇ ಸಲ. ಅಭ್ಯಾಸ ಆಗೈತೆ."

ಫುಸಿ ತನ್ನ ಕಪ್ಪು ಬಣ್ಣದ ಡಬ್ಬಿಯನ್ನು ಅವಳ ಕಡೆ ಸರಿಸಿದಳು.

ಲೆಸಿಯೇಲಿ ತನ್ನ ಹಲಗೆಯಲ್ಲಿ ಮನಾಸೆಯನ್ನು ಬರೆದಳು. ನಮ್ಮ ಪದ್ಧತಿಯಂತೆ ಸೊಂಟಕ್ಕೆ ಚಾಪೆ ಸುತ್ತಿ, ಹಿತ್ತಲಿನ ಗುಂಡಿಯ ಪಕ್ಕ ಸನಿಕೆ ಹಿಡಿದು ನಿಂತ ಮನಾಸೆ.

"ಮನಾಸೆಗೆ ಇಷ್ಟು ದೊಡ್ಡ ಹೊಟ್ಟೆ ಎಲ್ಲಿತ್ತೇ? ಗೆರೆ ಒಳಕ್ಕೆ ಎಳಿ," ಎಂದಳು ಫುಸಿ.

"ಇತ್ತು. ನಿಮ್ಮನೇಲಿ ತಿಂದು ತಿಂದು ಬಂದಿದ್ದೇ ಅದು."

ಚಿತ್ರ ಮುಗಿಯಿತು. ಬೇಲಿಯುದ್ದಕ್ಕೂ ಒಂದೇ ತೊಗಟೆ ಬಟ್ಟೆ ಎತ್ತಿ ನಿಲ್ಲಿಸಿದ ಹಾಗಿತ್ತು. ನೋಡಲು ನಿಜವಾಗಿಯೂ ಜನ ಬಂದರು. ಅವರ ಹಿಂದೆಯೇ ಕಂಪನಿಯ ಮ್ಯಾನೇಜರ್ ಕ್ರೇಗ್ ಬಂದ.

ಇಲ್ಲಿ ನಮ್ಮವರು ಮಾಡಿದ ತಪ್ಪನ್ನು ಬೇರೆ ಯಾವ ಜನವೂ ಮಾಡುತ್ತಿರಲಿಲ್ಲ. ಹೊಸ ಬಟ್ಟೆ ಮುಗಿದ ದಿನ ಅದನ್ನು ನೋಡಲು ಬಂದವನನ್ನು ನಿಲ್ಲಿಸಿ ಮಾತಾಡಿಸಿ ಕಳಿಸುವುದು ನಮ್ಮಲ್ಲಿಲ್ಲ. ಅವನು ಶತ್ರುವಾದರೂ ಸರಿ. ಶತ್ರುವಾದರೆ ಇನ್ನೂ ಒಂದು ಕೈ ಹೆಚ್ಚು. ಅವನ ಎದುರು ನಾವು ಬಡವರೆನ್ನಿಸಿಕೊಳ್ಳಬಾರದಲ್ಲ. ಕ್ರೇಗನನ್ನು ಚಾಪೆಯ ಮೇಲೆ ಕೂರಿಸಿದರು. ಕೊರಳಿಗೆ ಹೂವಿನ ಹಾರ ಬಿತ್ತು. ಫೆಲೆತಿ ತಂದಿದ್ದ ಹಂದಿಯನ್ನೇ ಬೇಯಿಸಿ, ದೊಡ್ಡವರಿಗೆ ಸಲ್ಲುವ ತಲೆಯ ಭಾಗ ಅವನ ಮುಂದಿಟ್ಟರು. ಲೆಸಿಯೇಲಿ ಪೆಟ್ಟಿಗೆಯಲ್ಲಿದ್ದ ತನ್ನ ಮದುವೆಯ ತೊಗಟೆ ಬಟ್ಟೆ ತೆಗೆದು ಅವನ ಹೆಗಲಿಗೆ ಸುತ್ತಿದಳು. ಹೆಂಗಸರು ಹಾಡಿ ಕುಣಿದರು. ಕಂಪನಿಯ ಹುಡುಗಿಯೊಬ್ಬಳು ಎಲ್ಲವನ್ನೂ ಕ್ಯಾಮೆರಾದಲ್ಲಿ ಹಿಡಿದಳು. ಕ್ರೇಗ್ ಬೆವರುತ್ತ, ನಗುತ್ತ, ಬಟ್ಟೆ ಹೊದ್ದೇ ಕಾರು ಹತ್ತಿದ.

ಮುಂದಿನ ತಿಂಗಳು, ಬೀದಿಯ ಮಿಕ್ಕ ಮನೆಗಳನ್ನೂ ಕೀಳಬಹುದೇ ಎಂದು ನಗರಸಭೆಯಲ್ಲಿ ವಿಚಾರಣೆ. ಬೀದಿಯ ಜನ ಅಹವಾಲು ಹೇಳಿಕೊಂಡು ಮುಗಿಸಿದ ಮೇಲೆ ಕಂಪನಿಯ ವಕೀಲ ಎದ್ದು ಬೇರೇನೂ ಹೇಳದೆ ಪರದೆಯ ಮೇಲೆ ಆ ಹುಡುಗಿ ಹಿಡಿದ ವಿಡಿಯೋ ಓಡಿಸಿದ. ಹಾರ, ಹಂದಿ, ಹಾಡು, ಹೆಗಲ ಮೇಲೆ ಬಟ್ಟೆ ಹೊದಿಸುತ್ತಿರುವ ಲೆಸಿಯೇಲಿ.

"ಸ್ಥಳೀಯ ಜನ ಈ ಯೋಜನೆಯನ್ನು ಹೀಗೆ ಬರಮಾಡಿಕೊಂಡಿದ್ದಾರೆ," ಎಂದ ವಕೀಲ. "ತಾವು ಬರೆದ ಚಿತ್ರವನ್ನೂ ಪ್ರೀತಿಯಿಂದ ಕಂಪನಿಗೆ ಒಪ್ಪಿಸಿದ್ದಾರೆ."

"ಅಯ್ಯೋ, ಅದು ಊಟ ಹಾಕಿದ್ದು ಸ್ವಾಮಿ!" ಎಂದು ಲೆಸಿಯೇಲಿ ಹಿಂದಿನ ಸಾಲಿನಿಂದ ಕೂಗಿದಳು. "ಮನೆಗೆ ಬಂದೋನಿಗೆ ಊಟ ಹಾಕಿದ್ದು!"

ಕೂತುಕೊಳ್ಳಿ ಎಂದರು. ಕೂತಳು. ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ. ತಿಂಗಳೊಪ್ಪತ್ತಿನಲ್ಲಿ ಮನೆಗಳಿಗೆ ಗರಗಸ ಬಿತ್ತು, ಜನ ಒಂದೊಂದು ಮೋಟೆಲಿಗೆ ಚದುರಿ ಹೋದರು. ಬೇಲಿ ಮಾತ್ರ ಅಲ್ಲೇ ನಿಂತಿತ್ತು, ಚಿತ್ರದ ಸಮೇತ.

ಹೊಗೆ ಗಂಟೆ ಕಿರುಚಿದ ವಾರವೇ ಫೆಲೆತಿ ಮೋಟೆಲಿಗೆ ಬಂದ. ಕೈಯಲ್ಲಿ ಡಬ್ಬಿ ಮಾಂಸದ ಒಂದು ಪೆಟ್ಟಿಗೆ. ಕೂರಲು ಜಾಗವಿರಲಿಲ್ಲ. ಮಕ್ಕಳ ಹಾಸಿಗೆ ಸರಿಸಿ ನೆಲದಲ್ಲೇ ಕೂತ. ಲೆಸಿಯೇಲಿ ಮಂಚದ ಅಂಚಿನಲ್ಲಿ ಕೂತಿದ್ದಳು. ಲಾಂಡ್ರಿಯ ಬಿಸಿಗೆ ಬೆಂದ ಕೈಗಳು ತೊಡೆಯ ಮೇಲಿದ್ದವು.

"ಸಂತೋಷದ ಸುದ್ದಿ ಅತ್ತೆ. ಇನ್ನೆರಡು ವಾರಕ್ಕೆ ಹೊಸ ಕಟ್ಟಡದ ಉದ್ಘಾಟನೆ. ಬೇಲಿ ಬಿಚ್ಚಿ ಚಿತ್ರಾನೆಲ್ಲ ಒಳಗೆ ಲಾಬಿ ಗೋಡೆಗೆ ಹಾಕ್ತಾರೆ. ಗಾಜಿನ ಒಳಗೆ, ದೀಪ ಎಲ್ಲ ಬಿಟ್ಟು. ಮಂತ್ರಿಗಳು ಬತ್ತಾರೆ. ನೀವು, ಫುಸಿ ಆಂಟಿ, ಎಲ್ಲರೂ ಬಂದು ಅವತ್ತಿನ ಥರಾನೇ ಹಾಡ್ಬೇಕಂತೆ. ಬಸ್ ಕಳಿಸ್ತೀವಿ."

"ನನ್ನ ಮನೆ ಯಾವುದು?"

"ಅತ್ತೆ..."

"ಐದಂತಸ್ತು ಎದ್ದೈತಲ್ಲ, ಅದರಲ್ಲಿ ನನ್ನ ಮನೆ ಯಾವುದು ಅಂತ ಕೇಳ್ದೆ."

ಫೆಲೆತಿ ನೆಲದ ಕಂಬಳಿಯ ನೂಲು ಕೀಳತೊಡಗಿದ.

"ಅದರಲ್ಲಿ ಎರಡು ಕೋಣೆಗಿಂತ ದೊಡ್ಡ ಮನೆ ಕಟ್ಟಿಲ್ಲ ಅತ್ತೆ. ನಿಮ್ಮದು ಆರು ಜನ. ಎರಡು ಕೋಣೇಲಿ ಆರು ಜನ ಇರೋಹಾಗಿಲ್ಲ, ನಿಯಮ. ನಿಮ್ಮ ಒಳ್ಳೇದಕ್ಕೇ."

"ಇಲ್ಲಿ ಒಂದು ಕೋಣೇಲಿ ಆರು ಜನ ಇದೀವಲ್ಲೋ!"

"ಇದು ತಾತ್ಕಾಲಿಕ. ಇಲ್ಲಿಂದ ಎರಡು ಗಂಟೆ ದಾರೀಲಿ ಒಂದೂರಲ್ಲಿ ಮನೆ ಖಾಲಿ ಇದೆ. ದೊಡ್ಡದು."

"ನನ್ನ ಕೆಲಸ? ಮಕ್ಳ ಸ್ಕೂಲು? ನಮ್ಮ ಚರ್ಚು? ಮನಾಸೆ ಸಮಾಧಿ?"

ಫೆಲೆತಿ ಕಂಬಳಿಯಿಂದ ಇನ್ನೊಂದು ನೂಲು ಕಿತ್ತ.

"ನಾವು ಆರು ಜನ ಅಂತ ಕಟ್ಟೋಕ್ ಮುಂಚೆ ಗೊತ್ತಿತ್ತಾ ನಿಮ್ಮ ಕಂಪನಿಗೆ?"

"ಗೊತ್ತಿತ್ತು," ಎಂದ ಫೆಲೆತಿ, ಬಹಳ ಸಣ್ಣ ದನಿಯಲ್ಲಿ.

ಮಗಳು ವಿಕಾ ಬಚ್ಚಲ ಬಾಗಿಲಲ್ಲಿ ನಿಂತು ಪಾತ್ರೆ ಒರೆಸುತ್ತಿದ್ದಳು. "ನೋಡಿದ್ಯೇನಮ್ಮಾ," ಎಂದಳು. "ಅಪ್ಪಂಗೆ ಲಾಬೀಲಿ ಜಾಗ ಸಿಕ್ತು, ದೀಪ ಗಾಜು ಎಲ್ಲ. ಬದುಕಿರೋ ನಮಗೇ ಇಲ್ಲ. ಒಂದೊಂದು ಮನೇನ ಹತ್ತು ಲಕ್ಷ ಡಾಲರಿಗೆ ಮಾರ್ತಾವ್ರೆ, ಬೇಲಿ ಮೇಲಿನ ಅಪ್ಪನ ಫೋಟೋ ಹಾಕ್ಕೊಂಡು. ಫೋನಲ್ಲಿ ಜಾಹೀರಾತು ನೋಡ್ದೆ. 'ದ್ವೀಪದ ಜೀವಂತಿಕೆ ಇರೋ ಬೀದಿ' ಅಂತೆ. ಜೀವ ಎಲ್ಲ ಮೋಟೆಲಲ್ಲಿ ಬಿದ್ದೈತೆ."

"ನಾನೇನ್ ಮಾಡ್ಲಿ ವಿಕಾ? ನಂಗೂ ಮನೆ ನಡೀಬೇಕು."

"ನಡೀಲಿ ಬಿಡಣ್ಣ. ನಿಂದಾದ್ರೂ ನಡೀಲಿ."

ಫೆಲೆತಿ ಎದ್ದ. ಪೆಟ್ಟಿಗೆ ಅಲ್ಲೇ ಬಿಟ್ಟ. ಲೆಸಿಯೇಲಿ ಅದನ್ನು ಕಾಲಿನಿಂದ ಬಾಗಿಲಾಚೆ ತಳ್ಳಿದಳು. ಬಂದ ಉಡುಗೊರೆಯನ್ನು ಅವಳು ಹುಟ್ಟಿದಾಗಿನಿಂದ ತಿರಸ್ಕರಿಸಿದವಳಲ್ಲ. ಅವತ್ತು ತಳ್ಳಿದಳು. ಅವಳಿಗೆ ಆದದ್ದು ದುಃಖವಲ್ಲ, ಸಿಟ್ಟು. ಮೋಸ ಹೋದದ್ದಕ್ಕಿಂತ ಮೋಸಗಾರನಿಗೆ ಕೈಯಾರೆ ತುತ್ತಿಟ್ಟದ್ದು ಅವಳನ್ನು ಸುಡುತ್ತಿತ್ತು.

ಭಾನುವಾರ ಚರ್ಚು ಬಿಟ್ಟ ಮೇಲೆ ಹೆಂಗಸರೆಲ್ಲ ಹೊರಗೆ ಸೇರಿದರು. ದೂರದೂರದ ಮೋಟೆಲುಗಳಿಂದ ಬಸ್ಸು ಹಿಡಿದು ಬಂದವರು. ಲೆಸಿಯೇಲಿ ಎಲ್ಲ ಹೇಳಿದಳು. ಒಬ್ಬಳು ವಕೀಲರನ್ನು ನೋಡೋಣ ಎಂದಳು. ನೋಡಿ ಆಗಿತ್ತು. ಇನ್ನೊಬ್ಬಳು ಬೇಲಿಗೆ ಸುಣ್ಣ ಹೊಡೆದು ಬರೋಣ ಎಂದಳು.

"ನನ್ನ ಗಂಡನ ಮುಖಕ್ಕೆ ನಾನೇ ಸುಣ್ಣ ಹೊಡೀಲಾ?" ಎಂದಳು ಲೆಸಿಯೇಲಿ.

ಫುಸಿ ಅಷ್ಟು ಹೊತ್ತು ಬಾಯಿ ಬಿಟ್ಟಿರಲಿಲ್ಲ. ಅದೇ ಒಂದು ಆಶ್ಚರ್ಯ.

"ಯಾರಾದ್ರೂ ಸತ್ತಾಗ ತೊಗಟೆ ಬಟ್ಟೆ ಏನ್ ಮಾಡ್ತೀವಿ?" ಎಂದಳು.

"ಹೆಣದ ಕೆಳಗೆ ಹಾಸ್ತೀವಿ."

"ಆಮೇಲೆ?"

"ಕತ್ತರಿಸಿ ಹಂಚ್ಕೋತೀವಿ. ಮನೆಗೊಂದು ತುಂಡು."

"ಮತ್ತೆ? ಬೀದಿ ಸತ್ತು ವರ್ಷ ಆಯ್ತು ಕಣ್ರೇ. ತಿಥಿ ಮಾಡಿದ್ವಾ ನಾವು? ಬಟ್ಟೆ ಹಂಚಿದ್ವಾ? ಹೆಣಾನ ಅಲ್ಲೇ ಬಿಟ್ಟು ಬಂದಿದೀವಿ, ಅದಕ್ಕೆ ಅವ್ರು ದೀಪ ಹಾಕ್ಕೊಂಡು ಕುಣೀತಾವ್ರೆ."

ಹೂಹಾನಾ ನಿಧಾನಕ್ಕೆ ತಲೆಯಾಡಿಸಿದಳು. "ಬೇಲಿ ಬೋಲ್ಟು ಬಿಚ್ಚೋ ಮಿಷನ್ನು ನನ್ನ ಮಗನ ಹತ್ರ ಇದೆ," ಎಂದಳು.

ಉದ್ಘಾಟನೆಗೆ ಮೊದಲೇ, ಶನಿವಾರ ಬೆಳಿಗ್ಗೆ, ಹಾಡಹಗಲೇ ಟೋರಿಯಾ ಬೀದಿಗೆ ಹೋದರು. ಕದಿಯುವವರು ಕತ್ತಲಲ್ಲಿ ಹೋಗಬೇಕು, ಇವರೇಕೆ? ಸಾವಿನ ಮನೆಗೆ ಹೋಗುವ ಹಾಗೆ ಕಪ್ಪು ಉಟ್ಟು, ಸೊಂಟಕ್ಕೆ ಹಳೆಯ ಹರಕು ಚಾಪೆ ಸುತ್ತಿಕೊಂಡಿದ್ದರು. ಮೈ ತುಂಬ ಜೋತಾಡುವ ಆ ಚಾಪೆಗಳಲ್ಲಿ ಬೀದಿಗೆ ಬೀದಿಯೇ ನಡೆದು ಬಂದದ್ದನ್ನು ಕಂಡು ಮನೆ ನೋಡಲು ಬಂದಿದ್ದ ಗಿರಾಕಿಗಳು ಕಾಫಿ ಲೋಟ ಹಿಡಿದು ದಾರಿ ಬಿಟ್ಟರು. ಹಾಡು ಶುರುವಾಯಿತು. ಬೋಲ್ಟುಗಳು ಒಂದೊಂದೇ ಬಿಚ್ಚಿದವು. ನಿಂಬೆ ಗಿಡದ ಹಲಗೆ ಇಳಿಯಿತು. ಫುಸಿಯ ಮಕ್ಕಳು ಹೊತ್ತರು. ಗಿಟಾರು ಇಳಿಯಿತು. ಸಮೋವಾದ ಮುದುಕ ತೀರಿಹೋಗಿದ್ದ, ಅವನ ಸೊಸೆ ಬಂದಿದ್ದಳು. ಹಲಗೆ ಇಳಿದಲ್ಲೆಲ್ಲ ಹಿಂದಿನ ಐದಂತಸ್ತು ಹಲ್ಲು ಕಿಸಿದು ನಿಂತಿತ್ತು.

ಮ್ಯಾನೇಜರ್ ಕ್ರೇಗ್ ಕಾರಿನಿಂದ ಇಳಿದು ಓಡಿಬಂದ. ಹಿಂದೆ ಫೆಲೆತಿ.

"ಏನ್ ಮಾಡ್ತಾ ಇದೀರಿ? ಇದು ಕಂಪನಿ ಆಸ್ತಿ! ಹಲಗೆ ನಮ್ದು, ಬಣ್ಣ ನಮ್ದು!"

"ಹಂದೀನೂ ನಿಮ್ದೇ," ಎಂದಳು ಫುಸಿ. "ತಿಂದಾಯ್ತು. ಅದನ್ನೂ ವಾಪಸ್ ಬೇಕಾ?"

"ಪೊಲೀಸರನ್ನ ಕರೀತೀನಿ."

"ಕರೀರಿ," ಎಂದಳು ಹೂಹಾನಾ, ಅಜ್ಜನ ದೋಣಿಯ ಬೋಲ್ಟು ಬಿಚ್ಚುತ್ತಲೇ. "ಪೊಲೀಸಲ್ಲಿರೋ ನನ್ನ ತಮ್ಮನ ಮಗನೇ ಬಂದ್ರೂ ಬರ್ಬೋದು. ಈ ದೋಣೀಲಿ ಅವಂದೂ ಪಾಲಿದೆ, ಒಂದು ಕೈ ಹಿಡೀತಾನೆ."

ಕ್ರೇಗ್ ಲೆಸಿಯೇಲಿಯ ಕಡೆ ತಿರುಗಿದ. ಅವಳ ಮುಖ ಅವನಿಗೆ ನೆನಪಿತ್ತು.

"ನೀವೇ ಅಲ್ವಾ ನನಗೆ ಬಟ್ಟೆ ಹೊದಿಸಿದ್ದು? ಎಷ್ಟು ಚೆನ್ನಾಗಿ ನಡ್ಕೊಂಡ್ರಿ ಅವತ್ತು. ಇದನ್ನ ನೀವೇ ನಮಗೆ ಕೊಟ್ರಲ್ಲ?"

"ನಿಮ್ಗೆ ಅವತ್ತು ಕೊಟ್ಟಿದ್ದು ನನ್ನ ಮದುವೆ ಬಟ್ಟೆ," ಎಂದಳು ಲೆಸಿಯೇಲಿ. "ಅದು ನಿಮ್ದೇ, ಇಟ್ಕೊಳ್ಳಿ. ಕೊಟ್ಟಿದ್ದನ್ನ ಕೇಳೋ ಜನ ಅಲ್ಲ ನಾವು. ಇದು ಕೊಟ್ಟಿದ್ದಲ್ಲ. ಇದು ನನ್ನ ಗಂಡ."

ಮನಾಸೆಯ ಹಲಗೆ ಕೊನೆಯದು. ಬೋಲ್ಟು ಬಿಚ್ಚಿದ ಮೇಲೆ ಅದು ಅವಳ ಕಡೆಗೆ ವಾಲಿತು. ಒಂದು ತುದಿಯನ್ನು ಅವಳೂ ವಿಕಾಳೂ ಹಿಡಿದರು. ಇನ್ನೊಂದು ತುದಿಗೆ ಜನ ಉಳಿದಿರಲಿಲ್ಲ, ಎಲ್ಲರ ಹೆಗಲ ಮೇಲೂ ಅವರವರ ಹಲಗೆ. ಲೆಸಿಯೇಲಿ ಸುತ್ತ ನೋಡಿದಳು. ಜಾಕೆಟ್ಟು ತೊಟ್ಟು ಮ್ಯಾನೇಜರನ ಹಿಂದೆ ನಿಂತಿದ್ದ ಫೆಲೆತಿ ಕಂಡ.

"ಬಾರೋ ಇಲ್ಲಿ. ಆ ಕಡೆ ಹಿಡಿ."

ಅವನು ಅಲುಗಾಡಲಿಲ್ಲ.

"ಫ್ರೆಡ್," ಎಂದ ಕ್ರೇಗ್. ಆಫೀಸಿನಲ್ಲಿ ಅವನ ಹೆಸರು ಅದು. "ಅದನ್ನ ಮುಟ್ಟಿದ್ರೆ ಸೋಮವಾರ ಕೆಲಸಕ್ಕೆ ಬರೋದು ಬೇಡ."

"ಫೆಲೆತಿ," ಎಂದಳು ಲೆಸಿಯೇಲಿ. ದನಿ ಏರಿಸಲಿಲ್ಲ. "ಅತ್ತೆ ಕರೀತಾ ಇದೀನಿ."

ಅವನು ಒಮ್ಮೆ ಕ್ರೇಗನನ್ನು ನೋಡಿದ, ಒಮ್ಮೆ ಚಿತ್ರದಲ್ಲಿದ್ದ ಮಾವನನ್ನು ನೋಡಿದ. ಹುಡುಗನಾಗಿದ್ದಾಗ ಅವನನ್ನು ಆ ಗುಂಡಿಯ ಪಕ್ಕ ಕೂರಿಸಿಕೊಂಡು ಕಲ್ಲು ಕಾಯಿಸಲು ಕಲಿಸಿದ್ದು ಅದೇ ಮಾವ. ಬಂದು ಬಾಗಿ ಇನ್ನೊಂದು ತುದಿ ಎತ್ತಿದ. ಅವನ ಮುಖ ಕೆಂಪಾಗಿತ್ತು. ಅಳುತ್ತಿದ್ದನೋ, ಭಾರಕ್ಕೆ ಹಾಗಾಯಿತೋ, ಯಾರೂ ಕೇಳಲಿಲ್ಲ. ಮೂವರೂ ಹಲಗೆ ಹೊತ್ತು ಬೀದಿಯ ನಡುವೆ ನಡೆದರು. ಹಿಂದೆ ಕ್ರೇಗ್ ಫೋನಿನಲ್ಲಿ ಕೂಗಾಡುತ್ತಿದ್ದ.

ಬೀದಿ ಮುಗಿಯುವ ತಿರುವಿನಲ್ಲಿ ಫೆಲೆತಿ ನಿಂತ. ಅವನಿಗೆ ದಾರಿ ತಿಳಿಯಲಿಲ್ಲ. ಹಲಗೆ ಮೋಟೆಲಿನ ಬಾಗಿಲಲ್ಲಿ ಹಿಡಿಸುವ ಹಾಗಿರಲಿಲ್ಲ, ಅದು ಅವನಿಗೂ ಗೊತ್ತಿತ್ತು.

"ಇದನ್ನ ಎಲ್ಲಿಡ್ಲಿ ಅತ್ತೆ?" ಎಂದು ಕೇಳಿದ.

ಲೆಸಿಯೇಲಿ ತನ್ನ ಕಡೆಯ ತುದಿಯನ್ನು ನೆಲಕ್ಕಿಳಿಸದೆಯೇ ತಿರುಗಿ ಅವನ ಮುಖ ನೋಡಿದಳು.

"ವರ್ಷದಿಂದ ನಾನು ನಿನ್ನ ಕೇಳ್ತಾ ಇರೋದೂ ಅದನ್ನೇ ಅಲ್ವೇನೋ?"